ಅಕ್ಷರಗಳ ಮನೆ ನಂಬರು

ಮನುಷ್ಯನಿಗೆ ಹೆಸರಿದ್ದರೆ ಸಾಲದು, ಮನೆ ನಂಬರೂ ಬೇಕು. ಕೆಸರೆ ಬರಿಯ ಹಳ್ಳಿಯಾಗಿದ್ದಾಗ 'ಹುಣಿಸೆಮರದ ಪಕ್ಕದ ಮನೆ' ಎಂದರೆ ಸಾಕಾಗುತ್ತಿತ್ತಂತೆ. ಮೈಸೂರು ಬೆಳೆದು ಬಂದು ಅದನ್ನು ತನ್ನೊಳಗೆ ಸೇರಿಸಿಕೊಂಡ ಮೇಲೆ ಎರಡನೆಯ ಹಂತ, ಮೂರನೆಯ ಹಂತ, ಇಂತಿಷ್ಟನೆಯ ಕ್ರಾಸು ಎಂದು ಬರೆಯದಿದ್ದರೆ ಕಾಗದ ಬಂದು ಮುಟ್ಟುವುದಿಲ್ಲ. ಈ ಅವಸ್ಥೆ ನಮ್ಮ ಅಕ್ಷರಗಳಿಗೂ ಬಂದಿದೆ. ಕಂಪ್ಯೂಟರಿಗೆ ಅಕ್ಷರದ ಗುರುತಿಲ್ಲ. ಅದು ಬಲ್ಲದ್ದು ಸಂಖ್ಯೆಯನ್ನು ಮಾತ್ರ. ಆದ್ದರಿಂದ ಅ, ಆ, ಇ, ಈ ಎಲ್ಲಕ್ಕೂ ಈಗ ಒಂದೊಂದು ನಂಬರುಂಟು.

ಈ ನಂಬರುಗಳ ಪಟ್ಟಿಯನ್ನು ಮನೆಮನೆಯಾಗಿ ತೋರಿಸುವ ಪುಟ್ಟ ತಂತ್ರಾಂಶವೊಂದಿದೆ. ಗುಚಾರ್‌ಮ್ಯಾಪ್ ಎಂದು ಅದರ ಹೆಸರು. ಗ್ನೋಮ್ ಎಂಬ ಬಳಗದವರದು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ನಕಲು ಮಾಡಿ ಪಕ್ಕದವರಿಗೆ ಕೊಡಬಹುದು, ಒಳಗೆ ಹೇಗಿದೆ ಎಂದು ಬಿಚ್ಚಿಯೂ ನೋಡಬಹುದು. ನಮ್ಮ ಬೀದಿಯ ಡಿ.ಟಿ.ಪಿ. ಅಂಗಡಿಯ ಹುಡುಗ ಅದನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಟ್ಟ. ಎಷ್ಟು ಕೊಡಬೇಕಪ್ಪ ಎಂದರೆ, "ನನಗೂ ಯಾರೋ ಹೀಗೇ ಕೊಟ್ಟಿದ್ದು ಸಾರ್, ಇದಕ್ಕೆ ದುಡ್ಡು ತಗೋಬಾರದು" ಎಂದ.

ಅದನ್ನು ತೆರೆದು ಕನ್ನಡ ಎಂಬ ಬೀದಿಗೆ ಹೋದರೆ ಸಾಲುಸಾಲಾಗಿ ಚೌಕದ ಮನೆಗಳು. ಕಂಪ್ಯೂಟರಿನವರ ಹದಿನಾರರ ಲೆಕ್ಕವನ್ನು ಬಿಟ್ಟು ನಮ್ಮ ಹತ್ತರ ಲೆಕ್ಕದಲ್ಲಿ ಹೇಳುವುದಾದರೆ, ನಮ್ಮ ಬೀದಿ 3200ರಿಂದ 3327ರವರೆಗೆ; ಒಟ್ಟು 128 ನಿವೇಶನಗಳು. ಎಲ್ಲದರಲ್ಲೂ ಮನೆ ಕಟ್ಟಿಲ್ಲ, ಕೆಲವು ಖಾಲಿ. ಅಕಾರದ್ದು 3205, ಕಕಾರದ್ದು 3221. ಕ್ಷ ಎಲ್ಲಿ ಎಂದು ಹುಡುಕಿದರೆ ಸಿಗದು. ಅದಕ್ಕೆ ಸ್ವಂತ ಮನೆಯಿಲ್ಲ. ಕ, ಅರ್ಧಾಕ್ಷರದ ಗುರುತು, ಷ - ಈ ಮೂವರು 3221, 3277, 3255ರಿಂದ ಹೊರಟುಬಂದು ಜೊತೆಗೂಡಿದಾಗ ಕ್ಷ ಆಗುತ್ತದೆ. ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ಒತ್ತಕ್ಷರಕ್ಕೆಲ್ಲ ಬೇರೆ ಬೇರೆ ಗೂಡು ಇಟ್ಟುಕೊಳ್ಳಬೇಕಾಗಿತ್ತು. ಇಲ್ಲಿ ಅಷ್ಟೂ ಸಂಸಾರ 128ರೊಳಗೆ ಹಿಡಿದಿದೆ.

ಪಕ್ಕದ ಬೀದಿಗಳಿಗೂ ಹೋಗಿ ನೋಡಿ. ಇವನ್ನು ಅಳತೆ ಹಿಡಿದು ಹಾಕಿದ್ದಾರೆ. ಬೀದಿಯ ಮೊದಲ ಮನೆಯನ್ನು ಸೊನ್ನೆ ಎಂದು ಎಣಿಸಿದರೆ ಇಪ್ಪತ್ತೊಂದನೆಯದು ಕಕಾರದ್ದು. ದೇವನಾಗರಿಯಲ್ಲೂ ಅಷ್ಟೆ, ತಮಿಳಿನಲ್ಲೂ ಅಷ್ಟೆ, ತೆಲುಗಿನಲ್ಲೂ ಅಷ್ಟೆ. ಭಾರತದಲ್ಲಿ 1988ರಲ್ಲಿ ರೂಪುಗೊಂಡ ಇಸ್ಕಿ ಎಂಬ ಪಟ್ಟಿಯ ಕ್ರಮವನ್ನು, 1991ರಲ್ಲಿ ಹೊರಬಂದ ಯೂನಿಕೋಡ್ ಎಂಬ ಜಗತ್ತಿನ ಪಟ್ಟಿ ಅನುಸರಿಸಿದ್ದರಿಂದ ಆದ ವ್ಯವಸ್ಥೆ ಇದು.

ಇದೆಲ್ಲ ತಿಳಿದು ನಮಗೇನು ಎನ್ನುವಿರಾ? ನಮ್ಮ ಬೀದಿಯ ಹಿರಿಯರೊಬ್ಬರ ಹೆಸರಿನಲ್ಲಿ ಒಂದು ಸೊನ್ನೆ ಇದೆ, ಅನುಸ್ವಾರ. ಒಂದು ಕಚೇರಿಯ ಪಟ್ಟಿಯಲ್ಲಿ ಅವರ ಹೆಸರು ಕಣ್ಣಿಗೆ ಕಾಣುತ್ತಿತ್ತು. ಹುಡುಕು ಎಂದರೆ ಕಂಪ್ಯೂಟರು ಇಲ್ಲ ಎನ್ನುತ್ತಿತ್ತು. "ನಾನಿನ್ನೂ ಬದುಕಿದ್ದೀನಲ್ಲಪ್ಪ!" ಎಂದು ಅವರು ಅಲೆದಾಡಿ ಸೋತರು. ಡಿ.ಟಿ.ಪಿ. ಹುಡುಗ ಆ ಪಟ್ಟಿಯಿಂದ ಅಕ್ಷರವನ್ನು ಎತ್ತಿ ಈ ತಂತ್ರಾಂಶದಲ್ಲಿ ಹುಡುಕಿದ. ಗುಟ್ಟು ಬಯಲಾಯಿತು. ಅನುಸ್ವಾರದ ಮನೆ 3202. ಬೆರಳಚ್ಚಿನವರು ಒತ್ತಿದ್ದು ಕನ್ನಡದ ಅಂಕಿ ಸೊನ್ನೆಯನ್ನು, ಅದರ ಮನೆ 3302. ಇಬ್ಬರ ಮುಖವೂ ಒಂದೇ, ಕನ್ನಡದಲ್ಲಿ ಇಬ್ಬರ ಹೆಸರೂ ಸೊನ್ನೆಯೇ. ನಡುವೆ ನೂರು ಮನೆ ದೂರ. ನಂಬರು ಸಹಿತ ಅರ್ಜಿ ಬರೆದುಕೊಟ್ಟ ಮೇಲೆ ಹೆಸರು ಸರಿಯಾಯಿತು.

ಆ ದಿನದಿಂದ ನಾನು ಬಿಡುವಾದಾಗಲೆಲ್ಲ ಈ ಬೀದಿಯಲ್ಲಿ ಅಡ್ಡಾಡುವುದುಂಟು. ಹಾಗೆ ಅಡ್ಡಾಡುವಾಗ ಬೀದಿಯ ಕೊನೆಯ ಕಡೆ, 3294ರಲ್ಲಿ, ಹಳೆಯ ಪರಿಚಿತರೊಬ್ಬರು ಸಿಕ್ಕಿದರು: ೞ. ಹಳಗನ್ನಡ ಓದಿದವರಿಗೆ ಇದು ಗೊತ್ತು. ನಮ್ಮ ಏಳು ಒಂದು ಕಾಲಕ್ಕೆ ಏೞು, ಬಾಳು ಬಾೞ್, ಕೊಳಲು ಕೊೞಲ್. ತಮಿಳರು, ಮಲೆಯಾಳಿಗಳು ಈ ಉಚ್ಚಾರಣೆಯನ್ನು ಇನ್ನೂ ಉಳಿಸಿಕೊಂಡಿದ್ದಾರೆ. ನಮ್ಮ ನಾಲಗೆ ಬಿಟ್ಟು ಶತಮಾನಗಳಾದುವು. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಇದನ್ನು ಉಳಿದ ಳಕಾರಗಳಿಂದ ಬೇರ್ಪಡಿಸಿ ವಿವರಿಸಿದ್ದಾನೆ.

ಅಂಥ ೞಕಾರದ ಬಾಗಿಲ ಮೇಲೆ ಯೂನಿಕೋಡಿನವರು ಹಾಕಿರುವ ಹೆಸರು ಏನು ಗೊತ್ತೆ? 'ಕನ್ನಡ ಲೆಟರ್ ಫಾ'! ಬಾೞ್ ಎಲ್ಲಿ, ಫ್ಯಾನು ಎಲ್ಲಿ! ಪಕ್ಕದ ಬೀದಿಗೆ ಹೋದರೆ ಸುಳಿವು ಸಿಗುತ್ತದೆ. 3294 ನಮ್ಮ ಬೀದಿಯ ತೊಂಬತ್ತನಾಲ್ಕನೆಯ ಮನೆ. ದೇವನಾಗರಿಯ ತೊಂಬತ್ತನಾಲ್ಕರಲ್ಲಿ ಇರುವುದು ಉರ್ದು, ಪಾರಸಿ ಮಾತುಗಳಿಗಾಗಿ ಚುಕ್ಕೆ ಇಟ್ಟುಕೊಂಡ ಫಕಾರ. ಅಳತೆ ಹಿಡಿದು ಬೀದಿ ಹಾಕುವಾಗ ಅಲ್ಲಿಯ ಫಲಕ ಇಲ್ಲಿಯೂ ಬಿದ್ದಂತೆ ಕಾಣುತ್ತದೆ. ತಮಿಳು, ಮಲೆಯಾಳ ಬೀದಿಗಳಲ್ಲಿ ೞಕಾರ ಇರುವುದು ಐವತ್ತೆರಡನೆಯ ಮನೆಯಲ್ಲಿ. ದೇವನಾಗರಿಯಲ್ಲಿ ಕೂಡ ದಕ್ಷಿಣದ ಈ ಅಕ್ಷರಕ್ಕೆ ಐವತ್ತೆರಡನ್ನು ಕೊಟ್ಟಿದ್ದಾರೆ. ತೆಲುಗಿನವರಿಗೆ 2014ರಲ್ಲಿ ಅದೇ ಮನೆ ಸಿಕ್ಕಿತು. ನಮ್ಮ ಐವತ್ತೆರಡು ಮಾತ್ರ ಖಾಲಿ. ಅಲ್ಲಿರಬೇಕಾದವನು ಬೇರೊಬ್ಬನ ಹೆಸರಿನ ಮನೆಯಲ್ಲಿ ಬಿಡಾರ ಮಾಡಿದ್ದಾನೆ.

ತಿದ್ದಬಾರದೆ? ತಿದ್ದುವಂತಿಲ್ಲ. 1996ರ ಎರಡನೆಯ ಆವೃತ್ತಿಯಿಂದೀಚೆಗೆ ಒಮ್ಮೆ ಕೊಟ್ಟ ಹೆಸರನ್ನಾಗಲಿ ನಂಬರನ್ನಾಗಲಿ ಬದಲಾಯಿಸಕೂಡದೆಂದು ನಿಯಮ. ಜಗತ್ತಿನ ಎಷ್ಟೋ ತಂತ್ರಾಂಶಗಳು ಆ ಹೆಸರು, ನಂಬರುಗಳನ್ನು ನಂಬಿಕೊಂಡಿವೆ. ನಂಬರು ಬದಲಾದರೆ ಹಿಂದೆ ಬರೆದಿಟ್ಟದ್ದೆಲ್ಲ ವಿಳಾಸ ತಪ್ಪಿದ ಕಾಗದವಾಗುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಸರಿಯಾದ ಹೆಸರನ್ನು ಕೆಳಗೆ ಸೇರಿಸಿ, ಮೇಲಿನ ಹೆಸರು ತಪ್ಪಿನಿಂದ ಬಂದದ್ದು ಎಂದು ಒಂದು ಟಿಪ್ಪಣಿ ಬರೆದಿದ್ದಾರೆ. ಮೊದಲು ನನಗೆ ಸಿಟ್ಟೇ ಬಂತು. ಯೋಚಿಸಿದ ಮೇಲೆ ಸಿಟ್ಟು ಇಳಿಯಿತು. ಹೆಸರು ತಪ್ಪಾದರೂ ಮನೆ ಗಟ್ಟಿ. ಮನೆಯೇ ಇಲ್ಲದೆ ಹೋಗಿದ್ದರೆ ಹಳಗನ್ನಡ ಕಾವ್ಯವನ್ನೋ ಶಾಸನವನ್ನೋ ಕಂಪ್ಯೂಟರಿಗೆ ಏರಿಸುವವರು ಎಲ್ಲ ಕಡೆಯೂ ಳ ಎಂದೇ ಬರೆಯಬೇಕಾಗುತ್ತಿತ್ತು. ಎರಡು ಪೀಳಿಗೆ ಕಳೆದರೆ ವ್ಯತ್ಯಾಸ ಇತ್ತೆಂಬುದೇ ಮರೆತುಹೋಗುತ್ತಿತ್ತು. ಮಾತಿನಲ್ಲಿ ಸತ್ತ ಅಕ್ಷರ ಬರಹದಲ್ಲಾದರೂ ಬದುಕಿರಲು ಒಂದು ನಂಬರು ಬೇಕು.

'ಕವಿರಾಜಮಾರ್ಗ'ದ ಕಾಲಕ್ಕೇ ನಮ್ಮವರು ತಮಗಿಂತ ಹಿಂದಿನ ಭಾಷೆಯನ್ನು ಪೞಗನ್ನಡ ಎಂದು ಕರೆದರು. ಆ ಹೆಸರನ್ನು ಅದರ ನಿಜರೂಪದಲ್ಲಿ ಬರೆಯಬೇಕಾದರೆ ಇದೇ 3294ರ ಬಾಗಿಲು ತಟ್ಟಬೇಕು. ಈ ಲೇಖನವನ್ನು ಬೆರಳಚ್ಚು ಮಾಡುವಾಗ ನಾನು ತಟ್ಟಿದ್ದು ಅದನ್ನೇ. ಅಲ್ಲಿಂದ ಹೊರಟ ಅಕ್ಷರ ಅಚ್ಚಿನ ಮನೆಯ ಯಂತ್ರಗಳನ್ನೆಲ್ಲ ದಾಟಿ ಪೆಟ್ಟಾಗದೆ ನಿಮ್ಮ ಕಣ್ಣಿಗೆ ಬಿದ್ದಿದ್ದರೆ, ವಿಳಾಸ ಸರಿಯಾಗಿದೆ ಎಂದೇ ಅರ್ಥ.