ಗಡಿಯ ಕಾದಂಬರಿಯೂ ಸಮ್ಮೇಳನದ ಮಳಿಗೆಯೂ

ಅಮೆರಿಕದ ಲೇಖಕರ ಸಮಾವೇಶಗಳಲ್ಲಿ ‘ಪಿಚ್’ ಎಂಬ ವ್ಯವಹಾರವೊಂದು ಬಹುಕಾಲದಿಂದ ರೂಢಿಯಲ್ಲಿದೆ. ಹೊಸ ಕಾದಂಬರಿಕಾರನು ಮೊದಲೇ ಸಮಯ ಗೊತ್ತುಮಾಡಿಕೊಂಡು, ಲೇಖಕನಿಗೂ ಪ್ರಕಾಶಕನಿಗೂ ನಡುವೆ ನಿಂತು ಕೆಲಸ ಕುದುರಿಸುವ ಸಾಹಿತ್ಯ ಏಜೆಂಟನ ಎದುರಿಗೆ ಕುಳಿತು, ಐದೋ ಹತ್ತೋ ನಿಮಿಷಗಳೊಳಗೆ ತನ್ನ ಕೃತಿಯ ಕಥೆಯನ್ನೂ ಅದನ್ನು ಓದಬಹುದಾದವರು ಯಾರೆಂಬುದನ್ನೂ ಹೇಳಿ, ಹಸ್ತಪ್ರತಿಯ ಕೆಲವು ಪುಟಗಳನ್ನಾದರೂ ನೋಡುವೆನೆಂಬ ಮಾತನ್ನು ಅವನಿಂದ ಪಡೆಯುವುದೇ ಪಿಚ್. 2012ರಲ್ಲಿ ಆರಂಭವಾದ ಬೆಂಗಳೂರು ಸಾಹಿತ್ಯ ಉತ್ಸವವು ‘ಲಿಟ್‌ಮಾರ್ಟ್’ ಎಂಬ ಹೆಸರಿನಲ್ಲಿ ಇದೇ ಬಗೆಯ ಭೇಟಿಗಳಿಗೆ ಅವಕಾಶ ಮಾಡಿಕೊಟ್ಟಿತು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನೊಡನೆಯೇ ಹುಟ್ಟಿದ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಮಾತ್ರ ಇದಕ್ಕೆಂದು ಮೀಸಲಾದ ಜಾಗವಿಲ್ಲ. ಅಲ್ಲಿ ಮೆರವಣಿಗೆ, ಅಧ್ಯಕ್ಷ ಭಾಷಣ, ಗೋಷ್ಠಿ, ನಿರ್ಣಯ ಎಲ್ಲಕ್ಕೂ ವೇಳೆ ನಿಗದಿಯಾಗಿರುತ್ತದೆ; ಅಚ್ಚಾಗದ ಕಾದಂಬರಿಯ ಮಾತು ನಡೆಯುವುದು ಪುಸ್ತಕ ಮಳಿಗೆಗಳ ಸಾಲಿನಲ್ಲಿ, ರಿಯಾಯಿತಿಯ ಚೌಕಾಸಿ ಮತ್ತು ಚಿಲ್ಲರೆಯ ಹುಡುಕಾಟದ ನಡುವೆ, ಪ್ರಕಾಶಕರು ಊಟಕ್ಕೆ ಏಳುವುದಕ್ಕೆ ಮುಂಚಿನ ಅರೆಗಳಿಗೆಯಲ್ಲಿ.

ಆ ಅರೆಗಳಿಗೆಯಲ್ಲಿ ಪ್ರಕಾಶಕರ ಮನಸ್ಸಿನಲ್ಲಿ ಓಡುವ ಲೆಕ್ಕವು ಕಠೋರವಾದರೂ ಅನ್ಯಾಯದ್ದಲ್ಲ. ಕನ್ನಡದಲ್ಲಿ ಏಜೆಂಟರ ವ್ಯವಸ್ಥೆ ಬೇರೂರಿಲ್ಲದ ಕಾರಣ ಬಂಡವಾಳ ಹಾಕುವವರೂ, ಹಸ್ತಪ್ರತಿ ಓದುವವರೂ, ಪುಸ್ತಕದ ಕಟ್ಟು ಹೊತ್ತು ಊರೂರು ತಿರುಗುವವರೂ ಬಹುಮಟ್ಟಿಗೆ ಒಬ್ಬರೇ ಆಗಿರುತ್ತಾರೆ. ಮೊದಲ ಮುದ್ರಣಕ್ಕೆ ಸಾವಿರ ಪ್ರತಿ ಹಾಕುತ್ತಿದ್ದವರು ಈಗ ಐನೂರಕ್ಕೂ ಹಿಂದೆಮುಂದೆ ನೋಡುತ್ತಾರೆ. ಅವರ ಮುಖ್ಯ ಭರವಸೆಗಳಲ್ಲೊಂದು ಸಗಟು ಖರೀದಿ, ಅಂದರೆ ರಾಜ್ಯದ ಗ್ರಂಥಾಲಯ ಇಲಾಖೆಯು ಆಯ್ಕೆಯಾದ ಪುಸ್ತಕಗಳನ್ನು ಪುಟದ ಲೆಕ್ಕದಲ್ಲಿ ಬೆಲೆ ಕಟ್ಟಿ ಒಟ್ಟಾಗಿ ಕೊಳ್ಳುವ ಪದ್ಧತಿ. ಗಡಿಯಾಚೆಯ ಕನ್ನಡಿಗನಿಗೆ ಇಲ್ಲೊಂದು ವಿಚಿತ್ರ ಎದುರಾಗುತ್ತದೆ: ಕಾಸರಗೋಡಿನ ಬದುಕನ್ನು ಕುರಿತ ಕಾದಂಬರಿಯ ಪ್ರತಿಗಳು ಈ ಖರೀದಿಯಿಂದ ಬೀದರಿಗೂ ಕೋಲಾರಕ್ಕೂ ತಲುಪಬಲ್ಲವಾದರೂ ಕಾಸರಗೋಡಿನ ಹಳ್ಳಿಯ ಗ್ರಂಥಾಲಯಕ್ಕೆ ತಲುಪಲಾರವು, ಏಕೆಂದರೆ ಆ ಗ್ರಂಥಾಲಯವು ಕೇರಳದ ಗ್ರಂಥಾಲಯ ಪರಿಷತ್ತಿನ ವ್ಯಾಪ್ತಿಯಲ್ಲಿದ್ದು, ಅಲ್ಲಿನ ಖರೀದಿಯಲ್ಲಿ ಸಹಜವಾಗಿಯೇ ಮಲಯಾಳದ ಪುಸ್ತಕಗಳಿಗೆ ಪ್ರಾಧಾನ್ಯವಿರುತ್ತದೆ.

ಸಮ್ಮೇಳನವು ಗಡಿಯನ್ನು ಮರೆತಿದೆಯೆಂದು ಯಾರೂ ದೂರುವಂತಿಲ್ಲ. ಮಂಜೇಶ್ವರದ ಗೋವಿಂದ ಪೈಗಳು 1951ರ ಮುಂಬಯಿ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಅದೇ ಗಡಿನಾಡಿನ ಕಯ್ಯಾರ ಕಿಞ್ಞಣ್ಣ ರೈಗಳು 1997ರ ಮಂಗಳೂರು ಸಮ್ಮೇಳನಕ್ಕೆ ಅಧ್ಯಕ್ಷರಾದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದು, ಚಂದ್ರಗಿರಿ ನದಿಯ ಉತ್ತರದ ಭಾಗವು ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿದ್ದು, ಅದು ಜಾರಿಗೆ ಬಾರದೆ ಉಳಿದದ್ದು, ಇವೆಲ್ಲ ಗೋಷ್ಠಿಗಳಲ್ಲಿ ಮತ್ತೆ ಮತ್ತೆ ಚರ್ಚೆಗೆ ಬಂದು ನಿರ್ಣಯಗಳಾಗಿವೆ. ಆದರೆ ಈ ಪರಿಪಾಠದಿಂದ ಕಾದಂಬರಿಕಾರನಿಗೆ ಒದಗಿದ ಸಂಕಟವೊಂದಿದೆ. ಗಡಿಯೆಂದರೆ ‘ಗಡಿ ಸಮಸ್ಯೆ’ ಎಂದೇ ಕೇಳಿ ಅಭ್ಯಾಸವಾದ ಕಿವಿಯು, ಕಾಸರಗೋಡಿನಿಂದ ಬಂದ ಹಸ್ತಪ್ರತಿಯಲ್ಲಿಯೂ ಹೋರಾಟವನ್ನೋ, ಮುಚ್ಚಿಹೋದ ಶಾಲೆಯನ್ನೋ, ಅಪಮಾನವನ್ನೋ ನಿರೀಕ್ಷಿಸುತ್ತದೆ. ಕಾದಂಬರಿಯಲ್ಲಿರುವುದು ಅಡಿಕೆ ತೋಟದ ಪಾಲುಪಟ್ಟಿಯ ಜಗಳವೋ, ಕೊಲ್ಲಿ ದೇಶದಿಂದ ಹಿಂದಿರುಗಿದ ಗಂಡನ ಮೌನವೋ ಆಗಿದ್ದರೆ, ಇದರಲ್ಲಿ ಗಡಿ ಎಲ್ಲಿದೆ ಎಂಬ ಪ್ರಶ್ನೆ ಬರುತ್ತದೆ.

ಗಡಿ ಇರುವುದು ಸಂಭಾಷಣೆಯಲ್ಲಿ. ಸಪ್ತಭಾಷಾ ಸಂಗಮಭೂಮಿ ಎಂದು ಕರೆಯಲ್ಪಡುವ ಈ ಜಿಲ್ಲೆಯಲ್ಲಿ ಒಬ್ಬ ಗೃಹಸ್ಥನು ಅಂಗಳದಲ್ಲಿ ಕೆಲಸದವರೊಡನೆ ತುಳುವಿನಲ್ಲಿ, ಮಗಳ ಶಾಲೆಯ ಅಧ್ಯಾಪಕರೊಡನೆ ಕನ್ನಡದಲ್ಲಿ, ವಿಲ್ಲೇಜ್ ಆಫೀಸಿನಲ್ಲಿ ಮಲಯಾಳದಲ್ಲಿ ಮಾತಾಡಿ, ಮನೆಗೆ ಮರಳಿ ಹವ್ಯಕ ಕನ್ನಡದಲ್ಲಿಯೋ ಕೊಂಕಣಿಯಲ್ಲಿಯೋ ಊಟಕ್ಕೆ ಕೂರುವುದು ಯಾರಿಗೂ ಸೋಜಿಗವೆನಿಸುವ ಸಂಗತಿಯಲ್ಲ. ವಾಸ್ತವದಲ್ಲಿ ಅನಾಯಾಸವಾದ ಈ ಬದಲಾವಣೆಯು ಕಾಗದದ ಮೇಲೆ ಬಂದೊಡನೆ ಕಗ್ಗಂಟಾಗುತ್ತದೆ. ಮಲಯಾಳದ ಮಾತನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆದರೆ ಧಾರವಾಡದ ಓದುಗರು ಪುಟ ತಿರುವುತ್ತಾರೆ; ಅಡಿಟಿಪ್ಪಣಿಗಳನ್ನು ಪೇರಿಸಿದರೆ ಕಾದಂಬರಿಯು ಪಠ್ಯಪುಸ್ತಕವಾಗುತ್ತದೆ; ಎಲ್ಲವನ್ನೂ ಶಿಷ್ಟ ಕನ್ನಡಕ್ಕೆ ಇಳಿಸಿದರೆ ಗುಮಾಸ್ತನೂ ಗೃಹಸ್ಥನೂ ಒಂದೇ ಮನೆಯವರಂತೆ ಮಾತಾಡತೊಡಗಿ, ಕಚೇರಿಯ ಮೇಜಿನ ಆಚೆಗೂ ಈಚೆಗೂ ಇರುವ ಅಂತರವೇ ಅಳಿಸಿಹೋಗುತ್ತದೆ. ಗಡಿನಾಡಿನ ಕಾದಂಬರಿಕಾರನ ನಿಜವಾದ ಕಸುಬು ಇದನ್ನು ಬಗೆಹರಿಸಿಕೊಳ್ಳುವುದರಲ್ಲಿದೆ, ಮತ್ತು ಮಳಿಗೆಯ ಮುಂದಿನ ಅರೆಗಳಿಗೆಯಲ್ಲಿ ವಿವರಿಸಿ ತಿಳಿಸಲು ಅತ್ಯಂತ ಕಷ್ಟವಾದದ್ದೂ ಇದೇ.

ಇದನ್ನು ಬಗೆಹರಿಸಿಕೊಂಡ ಮೇಲ್ಪಂಕ್ತಿಯೊಂದು ಕಾಸರಗೋಡಿನಿಂದಲೇ ಬಂದಿದೆ. ಮನೆಮಾತು ಮಲಯಾಳವಾಗಿದ್ದು ಕನ್ನಡ ಶಾಲೆಯಲ್ಲಿ ಕಲಿತ ಸಾರಾ ಅಬೂಬಕ್ಕರ್ ಅವರು ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ, ಮನೆಯೊಳಗೆ ಕನ್ನಡವನ್ನಾಡದ ಮುಸ್ಲಿಂ ಕುಟುಂಬಗಳ ಕಥೆಯನ್ನು ಸರಳ ಕನ್ನಡದಲ್ಲಿ ಹೇಳಿದರು. ಪಾತ್ರಗಳು ಯಾವ ಭಾಷೆಯಲ್ಲಿ ಆಡುತ್ತಿವೆ ಎಂಬ ವಿಚಾರವು ಓದುಗರನ್ನು ಕಾಡದಷ್ಟು ಬಿಗಿಯಾಗಿ ನಾಯಕಿ ನಾದಿರಾಳ ತಲಾಖಿನ ಸಂಕಟ ಅವರನ್ನು ಹಿಡಿದಿಟ್ಟಿತು. ಈ ಕೃತಿಯು ಯಾವ ವೇದಿಕೆಯ ಪರಿಚಯಭಾಷಣದಿಂದಲೂ ಓದುಗರನ್ನು ತಲುಪಿದ್ದಲ್ಲ; ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ, ಅಂದರೆ ಕಂತುಕಂತಾಗಿ ಪ್ರಕಟವಾಗಿ ತಲುಪಿತು. ವಾರಪತ್ರಿಕೆಯ ಸಂಪಾದಕರು ಹಸ್ತಪ್ರತಿಯನ್ನು ನಿಧಾನವಾಗಿ ಓದಿ ಒಪ್ಪುವುದು, ಓದುಗರ ಪತ್ರಗಳು ಬರುವುದು, ಆ ಪತ್ರಗಳನ್ನು ನೋಡಿ ಪ್ರಕಾಶಕರು ಮುಂದಾಗುವುದು, ಇದೇ ಕನ್ನಡದ ಹಳೆಯ ಪಿಚ್ ಆಗಿತ್ತು ಎನ್ನಬಹುದು. ವಾರಪತ್ರಿಕೆಗಳ ಬಲ ಕುಗ್ಗಿದಂತೆ ಆ ದಾರಿಯೂ ಕಿರಿದಾಯಿತು, ಮತ್ತು ಅದರ ಜಾಗಕ್ಕೆ ಹತ್ತು ನಿಮಿಷದ ಭೇಟಿಯಾದರೂ ಬರಲಿಲ್ಲ.

ಇತ್ತ ದಕ್ಷಿಣಕ್ಕೆ ರೈಲು ಹತ್ತಿದವರಿಗೆ ಕಾಣುವುದು ಬೇರೆಯೇ ದೃಶ್ಯ. 1945ರಲ್ಲಿ ಕೋಟ್ಟಯಂನಲ್ಲಿ ಲೇಖಕರು ತಾವೇ ಸೇರಿ ಸಾಹಿತ್ಯ ಪ್ರವರ್ತಕ ಸಹಕರಣ ಸಂಘವನ್ನು ಕಟ್ಟಿ, ಗೌರವಧನವನ್ನು ಹಕ್ಕಾಗಿ ಪಡೆಯುವ ರೂಢಿಗೆ ಬುನಾದಿ ಹಾಕಿದರು. 1974ರಲ್ಲಿ ಅದೇ ಪಟ್ಟಣದಲ್ಲಿ ಡಿ.ಸಿ. ಬುಕ್ಸ್ ಆರಂಭವಾಯಿತು, 2016ರಿಂದ ಕೋಝಿಕ್ಕೋಡಿನ ಕಡಲತೀರದಲ್ಲಿ ಕೇರಳ ಸಾಹಿತ್ಯೋತ್ಸವ ನಡೆಯುತ್ತಿದೆ. ಕಾಸರಗೋಡಿನ ತರುಣ ಲೇಖಕನೊಬ್ಬನು ಆ ಮರಳಿನ ಮೇಲೆ ನಿಂತು, ಮಾತಾಡಲು ಬರುವ ಆದರೆ ಬರೆಯಲು ಕೈಯೋಡದ ಭಾಷೆಯಲ್ಲಿ ತನ್ನ ಕಾದಂಬರಿಯನ್ನು ವಿವರಿಸಿದರೆ, ಕೇಳುವವರಿಗೆ ಗುಮಾಸ್ತನ ಮಾತಿನ ಕಗ್ಗಂಟು ಒಡನೆಯೇ ಅರ್ಥವಾಗುತ್ತದೆ. ಹಸ್ತಪ್ರತಿಯನ್ನು ಓದಲು ಮಾತ್ರ ಅವರಿಗೆ ಲಿಪಿ ಬಾರದು. ಮಂಗಳೂರಿನ ಕಡೆಗೆ ಹೊರಳಿದರೆ ಲಿಪಿ ಗೊತ್ತಿರುವವರಿಗೆ ಬರವಿಲ್ಲ.

ಹೀಗಿರುವಾಗ ಸಮ್ಮೇಳನದ ಮಳಿಗೆಯ ಮುಂದೆ ಗಡಿನಾಡಿನ ಚರಿತ್ರೆಯನ್ನು ಆಯೋಗದ ಕಾಲದಿಂದ ಆರಂಭಿಸುವುದು ವ್ಯರ್ಥ. ಅದನ್ನು ಪ್ರಕಾಶಕರು ಬೆಳಗಿನ ಗೋಷ್ಠಿಯಲ್ಲಿ ಕೇಳಿಯೇ ಬಂದಿರುತ್ತಾರೆ. ಪಾಲುಪಟ್ಟಿಯ ಜಗಳದಲ್ಲಿ ತಮ್ಮನು ಅಣ್ಣನ ವಿರುದ್ಧ ಮಲಯಾಳದಲ್ಲಿ ಅರ್ಜಿ ಬರೆಸಿದನೆಂದೂ, ಅಣ್ಣನಿಗೆ ಆ ಅರ್ಜಿಯನ್ನು ಓದಲು ಮಗಳು ಬೇಕಾಯಿತೆಂದೂ ಹೇಳಿದರೆ ಮುಂದೇನಾಯಿತೆಂದು ಕೇಳುವ ಕುತೂಹಲ ಯಾವ ಪ್ರಕಾಶಕರಲ್ಲಿಯೂ ಇರುತ್ತದೆ. ಪ್ರತಿಗಳನ್ನು ಕೊಳ್ಳುವವರು ಯಾರೆಂಬ ಎರಡನೆಯ ಪ್ರಶ್ನೆಗೂ ಉತ್ತರ ಸಿದ್ಧವಿರಬೇಕು: ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರು, ರಾತ್ರಿಯಿಡೀ ಯಕ್ಷಗಾನಕ್ಕೆ ಕೂರುವ ಕುಂಬಳೆ ಸೀಮೆಯ ಜನ, ಮುಂಬಯಿಗೂ ಕೊಲ್ಲಿಗೂ ಹೋಗಿ ನೆಲೆಸಿದವರು. ಇವರಾರೂ ಸಗಟು ಖರೀದಿಯ ಪಟ್ಟಿಯಲ್ಲಿಲ್ಲ. ಆದ್ದರಿಂದ ಒಂದಿಷ್ಟು ಪ್ರತಿಗಳನ್ನು ಮಂಗಳೂರಿನಿಂದ ರೈಲಿನಲ್ಲಿ ತಂದು ಊರಿನ ಕೈಗಳಿಗೆ ಮುಟ್ಟಿಸುವ ಹೊಣೆಯನ್ನು ಕಾದಂಬರಿಕಾರನು ಆ ಮಾತುಕತೆಯಲ್ಲಿಯೇ ಒಪ್ಪಿಕೊಳ್ಳಬೇಕಾಗುತ್ತದೆ.