ಸೀಸೆ ಹೇಳಿದ ಮಾತು

2015ರ ಡಿಸೆಂಬರಿನಲ್ಲಿ ಚೆನ್ನೈಯ ನೆರೆ ಇಳಿದ ಮೇಲೆ, ಪಶ್ಚಿಮ ಮಾಂಬಲದ ನಮ್ಮ ಮನೆಯ ಸಂಪಿನ ನೀರು ತಿಳಿಯಾಗಿಯೇ ಇದ್ದಿತು. ವಾಸನೆಯಿಲ್ಲ, ರುಚಿಯೂ ಕೆಟ್ಟಿಲ್ಲ. "ಈ ನೀರಿಗೇನಾಗಿದೆ?" ಎಂದರು ಅತ್ತೆಯವರು. ನಾವೂ ಹೌದೆಂದೆವು.

ಮೈದುನ ತಂದ ಪರೀಕ್ಷೆಯ ಸೀಸೆಗೆ ಆ ನೀರು ತುಂಬಿ, ಬೆಚ್ಚಗಿರಲೆಂದು ಒಲೆಯ ಪಕ್ಕದಲ್ಲಿಟ್ಟು ಮಲಗಿದೆವು. ಗ್ವಾಲಿಯರಿನ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಉಪಾಯವಂತೆ. ಹೊಲಸಿನೊಡನೆ ಬರುವ ಕ್ರಿಮಿಗಳು ಹೈಡ್ರೋಜನ್ ಸಲ್ಫೈಡ್ ಹುಟ್ಟಿಸಿದರೆ ಒಳಗಿನ ಕಾಗದ ಕಪ್ಪಾಗುತ್ತದೆ.

ಬೆಳಗ್ಗೆ ನೋಡಿದರೆ ಮಸಿ! ಕಾಫಿಯೇನೋ ಕುದಿದ ನೀರಿನದು. ಆದರೆ ಹಿಂದಿನ ಸಂಜೆ ಮಗುವಿಗೆ ಅದೇ ನೀರನ್ನು ಹಸಿಯಾಗಿ ಕುಡಿಸಿದ್ದೆವು. ಎರಡು ದಿನ ಯಾರಿಗೂ ಊಟ ಸೇರಲಿಲ್ಲ. ದೇವರು ದೊಡ್ಡವನು, ಮಗುವಿಗೆ ಏನೂ ಆಗಲಿಲ್ಲ.

ಸಂಪು ಬಳಿದು ತಿಕ್ಕಿಸಿ, ಬ್ಲೀಚಿಂಗ್ ಪುಡಿ ಹಾಕಿಸಿದೆವು. ಮೂರನೆಯ ಸೀಸೆ ಕಪ್ಪಾಗದೆ ಉಳಿಯಿತು. ಈಗ ಜೋರು ಮಳೆ ಬಿದ್ದರೆ ಸಾಕು, "ಸೀಸೆ ಎಲ್ಲಿ?" ಎಂದು ಮೊದಲು ಕೇಳುವವರು ಅತ್ತೆಯವರೇ.