ನಿಲ್ದಾಣದೆದುರಿನ ಒಂದು ಇರುಳು

ಮನೆಯ ಹಿರಿಯರೊಡನೆ ಯಾತ್ರೆ ಹೊರಡುವವರಿಗೆ ದೇವಾಲಯ ತಲುಪುವ ಚಿಂತೆಗಿಂತ ಇಳಿದುಕೊಳ್ಳುವ ಸ್ಥಳದ ಚಿಂತೆಯೇ ದೊಡ್ಡದು. ಕಲಬುರಗಿಯ ಪ್ರವಾಸದಲ್ಲಿ ನಮಗೂ ಇದರ ಅನುಭವವಾಯಿತು. ಎಂಬತ್ತು ದಾಟಿದ ನಮ್ಮ ತಾಯಿಯವರಿಗೆ ಶರಣಬಸವೇಶ್ವರರ ದರ್ಶನ ಮಾಡಬೇಕೆಂಬ ಹಂಬಲ. ಜೊತೆಗೆ ಕಮಲಾಪುರದಲ್ಲಿರುವ ತಂಗಿಯನ್ನು ಕಾಣುವ ಆಸೆ.

ರೈಲು ತಡವಾಗಿ, ನಾವು ಕಲಬುರಗಿಯಲ್ಲಿ ಇಳಿದಾಗ ಮಧ್ಯರಾತ್ರಿ ಕಳೆದಿತ್ತು. ಮೊದಲೇ ಗೊತ್ತುಮಾಡಿದ್ದ ವಸತಿಗೃಹದವರು ನಮ್ಮ ದಾರಿ ಕಾಯದೆ ಕೋಣೆಯನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ತಾಯಿಯವರು ಪೆಟ್ಟಿಗೆಯ ಮೇಲೆಯೇ ಕುಳಿತುಬಿಟ್ಟರು. ಸಮೀಪದ ಇನ್ನೊಂದು ವಸತಿಗೃಹದಲ್ಲಿ ವಿಚಾರಿಸಿದರೆ ಖಾಲಿಯಿದ್ದುದು ಮೂರನೆಯ ಮಹಡಿಯ ಕೋಣೆ, ಲಿಫ್ಟ್ ಇಲ್ಲ. ಅಲ್ಲಿಯ ವ್ಯವಸ್ಥಾಪಕರು ತಾಯಿಯವರ ಮುಖ ನೋಡಿ, ಕೆಳಗೆ ಕೆಲಸದವರಿಗಾಗಿ ಇರಿಸಿಕೊಂಡಿದ್ದ ಪುಟ್ಟ ಕೋಣೆಯನ್ನೇ ತೆರೆಸಿದರು.

ಇರುಳೆಲ್ಲ ರೈಲುಗಳ ಸಿಳ್ಳು, ಧ್ವನಿವರ್ಧಕದ ಪ್ರಕಟಣೆ. ನಸುಕಿನಲ್ಲಿ ಬೇರೊಂದು ತೊಡಕು ಎದುರಾಯಿತು. ಇಷ್ಟಲಿಂಗ ಪೂಜೆಯಾಗದೆ ತಾಯಿಯವರು ಗುಟುಕು ನೀರನ್ನೂ ಮುಟ್ಟುವವರಲ್ಲ. ಎರಡು ಮಂಚಗಳ ನಡುವೆ ಮಣೆ ಹಾಕುವಷ್ಟೂ ಸ್ಥಳವಿರಲಿಲ್ಲ. ಕಸ ಗುಡಿಸಲು ಬಂದ ಹುಡುಗ ಬಾಗಿಲಲ್ಲೇ ನಿಂತು ಸಂಗತಿ ತಿಳಿದುಕೊಂಡ. “ಅವ್ವಾರ, ಸ್ವಲ್ಪ ನಿಂದರ್ರಿ” ಎಂದವನೇ ಒಂದು ಮಂಚವನ್ನು ಹೊರಗೆ ಎಳೆದು, ನೆಲ ಒರೆಸಿ, ತೊಳೆದ ಬಿಂದಿಗೆಯಲ್ಲಿ ನೀರು ತಂದಿಟ್ಟು, ಪೂಜೆ ಮುಗಿಯುವವರೆಗೆ ಆ ಕಡೆ ಯಾರೂ ಗದ್ದಲ ಮಾಡದಂತೆ ನೋಡಿಕೊಂಡ.

ಅಂದು ಶರಣಬಸವೇಶ್ವರರ ದೇವಾಲಯಕ್ಕೆ ಹೋದೆವು. 1746ರಿಂದ 1822ರವರೆಗೆ ಬಾಳಿದ ಈ ಶರಣರು ಬಂದವರಿಗೆ ಅನ್ನವಿಕ್ಕಿದ ದಾಸೋಹದಿಂದಲೇ ನಾಡಿಗೆ ಪರಿಚಿತರು. ಹೋಳಿ ಹುಣ್ಣಿಮೆಯ ಐದನೆಯ ದಿನ ಇಲ್ಲಿ ಮಹಾರಥೋತ್ಸವ. ಗದ್ದುಗೆಯ ಮುಂದೆ ಕುಳಿತ ತಾಯಿಯವರು, “ರಾತ್ರಿ ನಮಗೆ ಜಾಗ ಕೊಟ್ಟದ್ದೂ ದಾಸೋಹವೇ ಅಲ್ಲವೇನಪ್ಪಾ?” ಎಂದರು. “ಬಾಡಿಗೆ ಕೊಟ್ಟಿದ್ದೇವಲ್ಲ” ಎಂದೆ. “ಕೋಣೆಗೆ ಕೊಟ್ಟಿ. ಆ ಹುಡುಗನ ಕೈಗೆ ಏನು ಕೊಟ್ಟಿ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಮಧ್ಯಾಹ್ನ ಹುಮನಾಬಾದ್ ರಸ್ತೆಯ ಬಸ್ಸಿನಲ್ಲಿ ಕಮಲಾಪುರಕ್ಕೆ ಹೊರಟೆವು. 2017ರಲ್ಲಿ ಕಲಬುರಗಿ–ಬೀದರ್ ರೈಲುಮಾರ್ಗ ಆರಂಭವಾದ ಮೇಲೆ ಆ ಕಡೆಗೆ ರೈಲಿನ ಅನುಕೂಲವೂ ಆಗಿದೆ. ಕಮಲಾಪುರವೆಂದರೆ ಕೆಂಪು ಬಾಳೆ; ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣು. ಬೇರೆ ಬಾಳೆಗಿಂತ ಹೆಚ್ಚು ಕಾಲ ತೆಗೆದುಕೊಳ್ಳುವ ಈ ಬೆಳೆಗೆ ನೀರೂ ಆರೈಕೆಯೂ ಹೆಚ್ಚು ಬೇಕು; ಆದ್ದರಿಂದ ಬೆಲೆಯೂ ಹೆಚ್ಚು. ಚಿಕ್ಕಮ್ಮ ತಂಗಿಯ ಪ್ರೀತಿಯಿಂದ ಒಂದು ಚಿಪ್ಪು ಹಣ್ಣನ್ನು ಉಡಿಗೆ ಹಾಕಿದರು.

ಸಂಜೆ ವಸತಿಗೃಹಕ್ಕೆ ಮರಳಿದಾಗ ತಾಯಿಯವರು ಮೊದಲು ಆ ಹುಡುಗನನ್ನು ಕರೆಸಿದರು. ನಾನು ಕೊಡಹೋದ ನೋಟನ್ನು ಬೇಡವೆಂದವನು, ಅವರು ನೀಡಿದ ಎರಡು ಹಣ್ಣನ್ನು ಎರಡೂ ಕೈಯೊಡ್ಡಿ ತೆಗೆದುಕೊಂಡ.

ಹಿರಿಯರೊಡನೆ ಹೊರಡುವ ಬಂಧುಗಳಲ್ಲಿ ಒಂದು ಬಿನ್ನಹ: ರೈಲು ತಡವಾದರೆ ವಸತಿಗೃಹಕ್ಕೆ ದಾರಿಯಿಂದಲೇ ತಿಳಿಸಿರಿ, ಕೆಳಮಹಡಿಯ ಕೋಣೆಯನ್ನೂ ಪೂಜೆಗೆ ಸ್ಥಳವನ್ನೂ ಮೊದಲೇ ಕೇಳಿಕೊಳ್ಳಿರಿ. ಹೊರಡುವ ಮುನ್ನ, ನಿಮಗೆ ನೀರು ತಂದಿಟ್ಟವರ ಹೆಸರನ್ನೂ ಕೇಳಿಕೊಳ್ಳಿರಿ. ನಾನು ಅದನ್ನು ಮರೆತು ಬಂದೆ.